ಶ್ರೇಣಿಕನ ಸೆರೆಯೂ ನಮ್ಮ ಪಡಸಾಲೆಯೂ

ನಮ್ಮ ಪುರಾಣಗಳಲ್ಲಿ ಬಹುಪಾಲು ಒಬ್ಬ ಶ್ರೋತೃವಿನ ಪ್ರಶ್ನೆಯಿಂದ ಪ್ರಾರಂಭವಾಗುತ್ತವೆ. ವಿಪುಲಾಚಲದ ಮೇಲೆ ವರ್ಧಮಾನ ಸ್ವಾಮಿಯ ಸಮವಸರಣಕ್ಕೆ ಬಂದ ಮಗಧಾಧಿಪತಿ ಶ್ರೇಣಿಕ ಮಹಾರಾಜನು ಕೈಮುಗಿದು ಕೇಳಿದನು, ಗೌತಮ ಗಣಧರರು ಹೇಳಿದರು. ಹೀಗೆ ತೀರ್ಥಂಕರರ ಚರಿತೆಗಳು ನಮ್ಮವರೆಗೆ ಬಂದವು ಎಂಬುದು ಪರಂಪರೆಯ ನಂಬಿಕೆ. ಮುಂದಿನ ಉತ್ಸರ್ಪಿಣಿಯಲ್ಲಿ ಮಹಾಪದ್ಮನೆಂಬ ಪ್ರಥಮ ತೀರ್ಥಂಕರನಾಗಲಿರುವ ಜೀವ ಅದು. ಇಷ್ಟು ದೊಡ್ಡ ಶ್ರಾವಕನ ಅಂತ್ಯವು ಹೆತ್ತ ಮಗನೇ ಹಾಕಿದ ಸೆರೆಯಲ್ಲಿ ಆಯಿತು.

ಕಥೆಯನ್ನು ಸಂಕ್ಷೇಪವಾಗಿ ನೆನೆಯೋಣ. ಶ್ರೇಣಿಕನ ಮಗ ಕುಣಿಕನು ತಂದೆಯನ್ನು ಬಂಧಿಸಿ, ಹಸಿವಿಗೂ ಅವಮಾನಕ್ಕೂ ಗುರಿಮಾಡಿದನು. ಒಂದು ದಿನ ಊಟಕ್ಕೆ ಕುಳಿತಾಗ ತೊಡೆಯ ಮೇಲಿದ್ದ ತನ್ನ ಶಿಶು ತಾಟಿನಲ್ಲಿ ಮೂತ್ರ ಮಾಡಿತು. ಅವನು ಅಸಹ್ಯಪಡದೆ ಊಟ ಮುಂದುವರಿಸಿ, ಮಗನನ್ನು ಇಷ್ಟು ಪ್ರೀತಿಸುವ ತಂದೆ ಬೇರೆ ಇರುವನೆ ಎಂದು ತಾಯಿ ಚೇಲಿನಿಯನ್ನು ಕೇಳಿದನು. ಆಗ ಆಕೆ ಅವನ ಶೈಶವದ ವೃತ್ತಾಂತವನ್ನು ತಿಳಿಸಿದಳು. ಕೂಸಿನ ಬೆರಳು ಕೀವುಗಟ್ಟಿ ಅದು ಹಗಲಿರುಳು ಅಳುತ್ತಿದ್ದಾಗ, ಆ ಬೆರಳನ್ನು ಬಾಯಲ್ಲಿಟ್ಟು ಕೀವು ಹೀರಿ ಸಂತೈಸಿದವನು ಈಗ ಸೆರೆಯಲ್ಲಿರುವ ಆ ಮುದುಕನೇ ಎಂದಳು. ಕುಣಿಕನು ಪಶ್ಚಾತ್ತಾಪದಿಂದ ಸೆರೆಯನ್ನು ಒಡೆದು ತಂದೆಯನ್ನು ಬಿಡಿಸಲು ಓಡಿದನು. ಓಡಿಬರುತ್ತಿದ್ದ ಮಗನನ್ನು ಕಂಡ ಶ್ರೇಣಿಕನು ತನ್ನನ್ನು ಕೊಲ್ಲಲು ಬಂದನೆಂದೇ ಬಗೆದು, ಅವನು ಸಮೀಪಿಸುವ ಮೊದಲೇ ಪ್ರಾಣ ಕಳೆದುಕೊಂಡನು.

ವಿವರಗಳು ದಿಗಂಬರ, ಶ್ವೇತಾಂಬರ ಪಾಠಗಳಲ್ಲಿ ಬೇರೆ ಬೇರೆಯಾಗಿವೆ; ಒಂದರಲ್ಲಿ ಮಗನು ರಾಜ್ಯವನ್ನು ಕಸಿದರೆ ಮತ್ತೊಂದರಲ್ಲಿ ತಂದೆಯೇ ಒಪ್ಪಿಸಿಕೊಡುತ್ತಾನೆ. ಬೌದ್ಧರೂ ಇದೇ ತಂದೆ-ಮಕ್ಕಳ ದುರಂತವನ್ನು ಬಿಂಬಿಸಾರ, ಅಜಾತಶತ್ರು ಎಂಬ ಹೆಸರಿನಲ್ಲಿ ಹೇಳಿಕೊಂಡು ಬಂದಿದ್ದಾರೆ. ಎರಡು ಧರ್ಮಗಳ ಸ್ಮೃತಿಯಲ್ಲಿ ಒಂದೇ ಮನೆಯ ದುಃಖ ಉಳಿದುಬಂದಿರುವಾಗ ಅದನ್ನು ಕೇವಲ ಕಣ್ಣೀರಿನ ಕಥೆಯೆಂದು ಕೇಳಿ ಏಳುವುದು ವಿಚಾರವಂತರಿಗೆ ತಕ್ಕುದಲ್ಲ.

ಪ್ರವಚನದಲ್ಲಿ ಕಥೆ ಕಿರಿದಾಗುವ ಬಗೆ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಭಾಗದ ಬಸದಿಗಳಲ್ಲಿ, ವಿಶೇಷವಾಗಿ ದಶಲಕ್ಷಣ ಪರ್ವದಲ್ಲಿ, ಈ ಪ್ರಸಂಗವನ್ನು ಬಾರಿ ಬಾರಿ ಕೇಳಿದ್ದೇನೆ. ಪ್ರವಚನಕಾರರು ಪ್ರಾಯಶಃ ಎರಡು ನೀತಿಗಳನ್ನು ಮಾತ್ರ ಹೇಳಿ ಮುಗಿಸುತ್ತಾರೆ. ಒಂದು, ಮಕ್ಕಳು ಕೃತಘ್ನರಾಗಬಾರದು. ಎರಡು, ಇದೆಲ್ಲ ಪೂರ್ವಜನ್ಮದ ವೈರದ ಫಲ, ಕರ್ಮವನ್ನು ತಪ್ಪಿಸಿದವರಿಲ್ಲ. ಮೊದಲನೆಯದನ್ನು ಕೇಳಿ ವೃದ್ಧರು ಕಣ್ಣೊರೆಸಿಕೊಳ್ಳುತ್ತಾರೆ. ಎರಡನೆಯದನ್ನು ಕೇಳಿ ಉಳಿದವರೆಲ್ಲ ನಿಶ್ಚಿಂತರಾಗಿ ಮನೆಗೆ ಹೋಗುತ್ತಾರೆ.

ಈ ಎರಡೂ ನೀತಿಗಳು ಸುಳ್ಳಲ್ಲ. ಆದರೆ ಕಥೆ ಹೇಳುವುದು ಇದಕ್ಕಿಂತ ಹೆಚ್ಚಿನದನ್ನು. ಅದನ್ನು ನಿಧಾನವಾಗಿ ಓದಿದರೆ ಮೂರು ಸಂಗತಿಗಳು ಗೋಚರಿಸುತ್ತವೆ. ಮೊದಲನೆಯದಾಗಿ, ಅಧಿಕಾರವೆಲ್ಲ ಕೈಬಿಟ್ಟ ಮೇಲೂ ಅದೇ ಅರಮನೆಯಲ್ಲಿ ಉಳಿದ ಮುದುಕನಿಗೆ ಯಾವ ರಕ್ಷಣೆಯೂ ಇರಲಿಲ್ಲ. ಎರಡನೆಯದಾಗಿ, ರಾಜಗೃಹದಂಥ ಮಹಾನಗರದಲ್ಲಿ ಮಂತ್ರಿಗಳಿದ್ದರು, ಶ್ರೇಷ್ಠಿಗಳಿದ್ದರು, ಶ್ರಾವಕ ಸಂಘವಿತ್ತು. ಆದರೂ ಸೆರೆಯ ಬಾಗಿಲಿಗೆ ಹೋದವಳು ಒಬ್ಬ ಹೆಂಗಸು, ಅವನ ಹೆಂಡತಿ. ಮೂರನೆಯದಾಗಿ, ಕುಣಿಕನ ಮನಸ್ಸನ್ನು ತಿರುಗಿಸಬಲ್ಲ ಸತ್ಯವು ಆಕೆಗೆ ಮೊದಲಿನಿಂದಲೂ ಗೊತ್ತಿತ್ತು. ಕೇಳಿದ ಮೇಲೆ, ತಡವಾಗಿ ಹೊರಬಂದಿತು. ಆ ಹೊತ್ತಿಗೆ ತಂದೆಯ ಎದೆಯಲ್ಲಿ ಭಯವು ಎಷ್ಟು ಬೇರುಬಿಟ್ಟಿತ್ತೆಂದರೆ, ಮಗನ ಪ್ರೀತಿಯನ್ನೇ ಅವನು ಕೊಲೆಯೆಂದು ಓದಿದನು.

ಎಂದರೆ ಶ್ರೇಣಿಕನನ್ನು ಕೊಂದದ್ದು ಮಗನ ಕ್ರೌರ್ಯವೊಂದೇ ಅಲ್ಲ. ಶರತ್ತಿಲ್ಲದ ಒಪ್ಪಿಸುವಿಕೆ, ಊರಿನ ಮೌನ, ತಡವಾದ ತಿಳಿವಳಿಕೆ ಈ ಮೂರೂ ಸೇರಿ ಕೊಂದವು. ಈ ಮೂರೂ ಮನುಷ್ಯಪ್ರಯತ್ನದಿಂದ ತಪ್ಪಿಸಬಹುದಾದವು. ನಮ್ಮ ನಾಲ್ಕು ತಾಲೂಕುಗಳ ಮನೆಗಳಿಗೆ ಈ ಕಥೆ ಉಪಯುಕ್ತವಾಗುವುದು ಈ ಓದಿನಿಂದ.

ನರೆಗೂದಲು ಮತ್ತು ದಾನಪತ್ರ

ಜನ್ನನು 1209ರಲ್ಲಿ ರಚಿಸಿದ ಯಶೋಧರಚರಿತೆಯಲ್ಲಿ ಯಶೌಘ ರಾಜನು ತಲೆಯಲ್ಲಿ ನರೆಗೂದಲನ್ನು ಕಂಡು ವೈರಾಗ್ಯ ಹೊಂದಿ, ಮಗನಿಗೆ ಪಟ್ಟಗಟ್ಟಿ ತಪಸ್ಸಿಗೆ ಹೋಗುತ್ತಾನೆ. ನಮ್ಮ ಕಾವ್ಯಗಳಲ್ಲಿ ಇದು ಹಲವು ಕಡೆ ಬರುವ ಆದರ್ಶ. ನಮ್ಮ ಹಿರಿಯರು ಈ ಆದರ್ಶದ ಅರ್ಧವನ್ನು ಮಾತ್ರ ಅನುಸರಿಸುತ್ತಾರೆಂಬುದನ್ನು ಗಮನಿಸಬೇಕು. ಯಶೌಘನು ಎಲ್ಲವನ್ನೂ ಕೊಟ್ಟನು, ಮನೆಯನ್ನೂ ಬಿಟ್ಟನು. ಕಾಡಿಗೆ ಹೋದವನಿಗೆ ಮಗನಿಂದ ಅನ್ನವಾಗಲಿ ಹಾಸಿಗೆಯಾಗಲಿ ಬೇಕಿಲ್ಲ. ಆದ್ದರಿಂದ ಶರತ್ತೂ ಬೇಕಿಲ್ಲ. ಇಂದಿನ ಗೃಹಸ್ಥನು ಹೊಲದ ಉತಾರ, ಅಂಗಡಿಯ ಹೆಸರು, ಮನೆ ಎಲ್ಲವನ್ನೂ ಬಿಟ್ಟುಕೊಟ್ಟು ಅದೇ ಮನೆಯ ಪಡಸಾಲೆಯಲ್ಲಿ ಉಳಿಯುತ್ತಾನೆ. ಕೊಡುವುದರಲ್ಲಿ ಯತಿಯಂತೆ, ಇರುವುದರಲ್ಲಿ ಗೃಹಸ್ಥನಂತೆ. ಅವನ ನಡುಗಾಲದ ಸಂಕಟವೆಲ್ಲ ಇಲ್ಲಿಂದ ಹುಟ್ಟುತ್ತದೆ.

ಮಲಪ್ರಭೆಯ ನೀರು ಬಂದ ಮೇಲೆ ನಮ್ಮ ಭಾಗದ ಎರಿ ಹೊಲದ ಬೆಲೆ ಏರಿತು. ಪೇಟೆಯ ನಿವೇಶನದ ಬೆಲೆ ಇನ್ನೂ ಏರಿತು. ಕುಟುಂಬದೊಳಗಿನ ದಾನಪತ್ರಕ್ಕೆ ಮುದ್ರಾಂಕ ಶುಲ್ಕ ಕಡಿಮೆ. ಆದ್ದರಿಂದ ವಾಟ್ನಿಪತ್ರ, ದಾನಪತ್ರ, ಹಕ್ಕುಬಿಟ್ಟ ಪತ್ರ ಇವು ಸರಳ ವ್ಯವಹಾರಗಳಾಗಿವೆ. ಉಪನೋಂದಣಿ ಕಚೇರಿಯ ಮುಂದೆ ಬರೆಯುವ ಇಂಥ ಪತ್ರಗಳಲ್ಲಿ ಒಂದು ಮಾತು ತಪ್ಪದೆ ಇರುತ್ತದೆ: ಪ್ರೀತಿ ವಿಶ್ವಾಸಗಳಿಂದ ಕೊಟ್ಟಿದ್ದೇನೆ. ಕೊಟ್ಟವರನ್ನು ಯಾರು, ಎಲ್ಲಿ, ಹೇಗೆ ನೋಡಿಕೊಳ್ಳಬೇಕೆಂಬ ಮಾತು ಮಾತ್ರ ಬಹುಶಃ ಇರುವುದಿಲ್ಲ. ಮಗನಿಗೆ ಶರತ್ತು ಹಾಕುವುದು ಅಪಮಾನವೆಂದು ತಂದೆ ಬಗೆಯುತ್ತಾನೆ. ತಾಯಿಗಂತೂ ಹೆಬ್ಬೆಟ್ಟು ಎಲ್ಲಿ ಒತ್ತಬೇಕೆಂಬುದಷ್ಟೇ ತಿಳಿಸಲ್ಪಡುತ್ತದೆ.

ಶರತ್ತು ಬರೆಯುವುದು ಅವಿಶ್ವಾಸವೆನ್ನುವವರು ಒಮ್ಮೆ ಸವದತ್ತಿಯ ಶಾಸನಗಳತ್ತ ನೋಡಬೇಕು. ಅಂದಿನ ಸುಗಂಧವರ್ತಿ ರಟ್ಟರ ರಾಜಧಾನಿಯಾಗಿತ್ತು. 9ನೆಯ ಶತಮಾನದಲ್ಲಿ ಪೃಥ್ವೀರಾಮನು ಅಲ್ಲಿ ಜಿನಾಲಯ ಕಟ್ಟಿಸಿದನು. 1204ರಲ್ಲಿ ನಾಲ್ಕನೆಯ ಕಾರ್ತವೀರ್ಯನ ಕಾಲಕ್ಕೆ ಬೆಳಗಾವಿಯ ಜಿನಾಲಯಕ್ಕೆ ದತ್ತಿ ಸಂದಿತು. ಇಂಥ ದಾನಶಾಸನಗಳ ಪದ್ಧತಿ ನೋಡಿರಿ: ಭೂಮಿಯ ಚತುಸ್ಸೀಮೆ, ಆದಾಯದ ಬಾಬು, ಪೂಜೆಗಿಷ್ಟು, ಋಷಿಗಳ ಆಹಾರಕ್ಕಿಷ್ಟು, ಜೀರ್ಣೋದ್ಧಾರಕ್ಕಿಷ್ಟು ಎಂಬ ಉದ್ದೇಶ, ಸಾಕ್ಷಿಗಳು, ಕೊನೆಗೆ ಅಳಿಪಿದವರಿಗೆ ಶಾಪ. ದೇವರಿಗೆ ಕೊಡುವಾಗಲೂ ನಮ್ಮ ಪೂರ್ವಿಕರು ಉದ್ದೇಶವನ್ನು ಕಲ್ಲಿನಲ್ಲಿ ಕೊರೆಸಿ ಕೊಟ್ಟರು. ಅವರ ಭಕ್ತಿಗೆ ಅದರಿಂದ ಕುಂದು ಬರಲಿಲ್ಲ. ಮಗನಿಗೆ ಕೊಡುವಾಗ ಕಾಗದದ ಮೇಲೆ ಎರಡು ಸಾಲು ಬರೆಸಲು ನಾವು ನಾಚುವುದೇಕೆ?

ಇದು ಕೇವಲ ಕಾಗದದ ಮಾತಲ್ಲ. 2007ರ ತಂದೆತಾಯಿಗಳ ಹಾಗೂ ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯ್ದೆಯ 23ನೆಯ ಕಲಮಿನಂತೆ, ಕಾಯ್ದೆ ಜಾರಿಯಾದ ನಂತರ ಹಿರಿಯರು ತಮ್ಮನ್ನು ನೋಡಿಕೊಳ್ಳಬೇಕೆಂಬ ಶರತ್ತಿನ ಮೇಲೆ ಆಸ್ತಿ ಕೊಟ್ಟು, ಪಡೆದವರು ನೋಡಿಕೊಳ್ಳದಿದ್ದರೆ, ಆ ಹಸ್ತಾಂತರವನ್ನು ನ್ಯಾಯಮಂಡಳಿಯಿಂದ ರದ್ದುಪಡಿಸಿಕೊಳ್ಳಬಹುದು. ಆ ಶರತ್ತಿನ ಸುತ್ತಲೇ ವಾದಗಳು ಬೆಳೆದಿವೆ. 2022ರ ಡಿಸೆಂಬರಿನಲ್ಲಿ ಸುದೇಶ್ ಛಿಕಾರಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಪ್ರೀತಿಯಿಂದ ಕೊಟ್ಟ ಮಾತ್ರಕ್ಕೆ ಶರತ್ತು ಇದ್ದಂತಾಗುವುದಿಲ್ಲ, ಅದನ್ನು ಹೇಳಿ ಸಿದ್ಧಪಡಿಸಬೇಕು ಎಂದಿತು. 2025ರ ಜನವರಿ 2ರಂದು ಊರ್ಮಿಳಾ ದೀಕ್ಷಿತ್ ಪ್ರಕರಣದಲ್ಲಿ ಅದೇ ನ್ಯಾಯಾಲಯವು ಕಾಯ್ದೆಯನ್ನು ಹಿರಿಯರ ಹಿತಕ್ಕೆ ಅನುಕೂಲವಾಗಿ ಅರ್ಥೈಸಬೇಕೆಂದು ಹೇಳಿ, ಮಧ್ಯಪ್ರದೇಶದ ಆ ತಾಯಿಯು 2019ರಲ್ಲಿ ಮಗನಿಗೆ ಕೊಟ್ಟ ದಾನವನ್ನು ರದ್ದುಪಡಿಸಿ ಆಸ್ತಿಯ ಸ್ವಾಧೀನವನ್ನು ಆಕೆಗೆ ಮರಳಿಸಿತು. ಆಕೆಯ ಕೈಯಲ್ಲಿ ದಾನಪತ್ರದ ಮಾತಿತ್ತು, ಮಗನು ಬರೆದುಕೊಟ್ಟ ವಚನಪತ್ರವಿತ್ತು. ಬರಹವಿದ್ದವಳು ಮನೆಗೆ ಮರಳಿದಳು ಎಂಬುದೇ ನಮಗೆ ಪಾಠ.

ಇನ್ನೂ ಸರಳವಾದ ಮಾರ್ಗವೆಂದರೆ ಮೃತ್ಯುಪತ್ರ. ಅದು ಬರೆದವರು ತೀರಿಕೊಂಡ ಬಳಿಕವೇ ಜಾರಿಗೆ ಬರುತ್ತದೆ. ಬದುಕಿರುವ ತನಕ ಎಷ್ಟು ಸಲವಾದರೂ ಬದಲಿಸಬಹುದು. ಪಡಸಾಲೆಯಲ್ಲಿ ಉಳಿಯಲಿರುವವನಿಗೆ ಇದು ದಾನಪತ್ರಕ್ಕಿಂತ ಕ್ಷೇಮ.

ಅತಿಚಾರಗಳಲ್ಲಿ ಅಡಗಿದ ಪಟ್ಟಿ

ವೃದ್ಧರ ಮೇಲಿನ ದೌರ್ಜನ್ಯವೆಂದರೆ ಹೊಡೆತ ಬಡಿತ ಮಾತ್ರವೆಂದು ನಾವು ತಿಳಿದಿರುವುದರಿಂದಲೇ ‘ನಮ್ಮಲ್ಲಿ ಅಂಥದ್ದು ಇಲ್ಲ’ ಎಂದು ಧೈರ್ಯವಾಗಿ ಹೇಳುತ್ತೇವೆ. ಆಧುನಿಕ ಶಾಸ್ತ್ರವು ಇದನ್ನು ವಿವೇಚಿಸತೊಡಗಿದ್ದು ಈಚೆಗೆ. 1975ರಲ್ಲಿ ಬ್ರಿಟನ್ನಿನ ವೈದ್ಯರು ಮನೆಗಳಲ್ಲಿ ಮುದುಕಿಯರನ್ನು ಹೊಡೆಯುತ್ತಿರುವುದನ್ನು ವೈದ್ಯಕೀಯ ಪತ್ರಿಕೆಗಳಲ್ಲಿ ಬರೆದ ಮೇಲೆ ಚರ್ಚೆ ಬೆಳೆಯಿತು. ಶರೀರಕ್ಕೆ, ಮನಸ್ಸಿಗೆ, ಹಣಕ್ಕೆ ಸಂಬಂಧಿಸಿದ ಪೀಡನೆ, ಲೈಂಗಿಕ ಪೀಡನೆ ಮತ್ತು ನಿರ್ಲಕ್ಷ್ಯ ಎಂದು ಇಂದು ವಿಭಾಗ ಮಾಡುತ್ತಾರೆ.

ನಮ್ಮ ಪಾಠಶಾಲೆಯ ಮಕ್ಕಳು ತತ್ತ್ವಾರ್ಥಸೂತ್ರದಿಂದ ಬಾಯಿಪಾಠ ಮಾಡುವ ಅಣುವ್ರತಗಳ ಅತಿಚಾರಗಳನ್ನು ಈ ಬೆಳಕಿನಲ್ಲಿ ಓದಿನೋಡಿರಿ. ಅಹಿಂಸಾಣುವ್ರತಕ್ಕೆ ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ ಎಂದು ಐದು. ಇವನ್ನು ನಾವು ಎತ್ತು ಎಮ್ಮೆಗಳಿಗೆ ಅನ್ವಯಿಸಿ ಅರ್ಥ ಹೇಳುತ್ತೇವೆ, ಅದು ಸರಿಯೆ. ಆದರೆ ಮುದುಕಿಯನ್ನು ಕೋಣೆಯಲ್ಲಿಟ್ಟು ಹೊರಗಿನಿಂದ ಚಿಲಕ ಹಾಕಿ ಮದುವೆಗೆ ಹೋಗುವುದು ಬಂಧವಲ್ಲವೆ? ಎಪ್ಪತ್ತು ದಾಟಿದವಳಿಗೆ ಮೊಮ್ಮಕ್ಕಳ ಪಾಲನೆ, ಮುಸುರೆ, ನೀರು ಎಲ್ಲವನ್ನೂ ಹೊರಿಸುವುದು ಅತಿಭಾರವಲ್ಲವೆ? ಪದೇ ಪದೇ ಬಚ್ಚಲಿಗೆ ಹೋಗಬೇಕಾಗುತ್ತದೆಂದು ಮುದುಕನಿಗೆ ನೀರು ಕಡಿಮೆ ಕೊಡುವುದು, ಸಕ್ಕರೆ ಕಾಯಿಲೆಯವನ ಊಟವನ್ನು ಎಲ್ಲರದೂ ಮುಗಿದ ಮೇಲೆ ಕೊಡುವುದು ಅನ್ನಪಾನನಿರೋಧವಲ್ಲದೆ ಮತ್ತೇನು?

ಇಲ್ಲಿಯೇ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಸಲ್ಲೇಖನವು ಸಾಧಕನು ಸ್ವಂತ ವಿವೇಕದಿಂದ, ಗುರುಗಳ ಅನುಮತಿಯಿಂದ ಕೈಗೊಳ್ಳುವ ವ್ರತ. ತಾನಾಗಿ ಅನ್ನವನ್ನು ಬಿಡುವುದಕ್ಕೂ ಬೇರೆಯವರು ಅನ್ನವನ್ನು ತಪ್ಪಿಸುವುದಕ್ಕೂ ಇರುವ ಅಂತರ ಧರ್ಮಕ್ಕೂ ಅಧರ್ಮಕ್ಕೂ ಇರುವ ಅಂತರವೇ. ಆ ಅಂತರವನ್ನು ಕಾಯುವ ಹೊಣೆ ಬೇರೆ ಯಾರಿಗಿಂತ ನಮಗೆ ಹೆಚ್ಚಾಗಿದೆ.

ಇನ್ನು ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆ ಎಂದರೆ ಸುಳ್ಳು ಪತ್ರ ಸೃಷ್ಟಿ, ನ್ಯಾಸಾಪಹಾರ ಎಂದರೆ ನಂಬಿ ಇಟ್ಟದ್ದನ್ನು ನುಂಗುವುದು. ಓದಲು ಬಾರದ ತಾಯಿಯಿಂದ ಸಹಿ ಹಾಕಿಸಿಕೊಂಡ ಪತ್ರ, ‘ನಿನ್ನ ಹೆಸರಿಗೇ ಇಟ್ಟಿದ್ದೇನೆ’ ಎಂದು ಹೇಳಿ ತನ್ನ ಖಾತೆಗೆ ಹಾಕಿಕೊಂಡ ಅವಳ ಬಂಗಾರ, ತಿಂಗಳಿಗೆ 1,200 ರೂಪಾಯಿಯ ಸಂಧ್ಯಾ ಸುರಕ್ಷಾ ಪಿಂಚಣಿಯನ್ನೂ ಬಿಡದೆ ತೆಗೆದುಕೊಳ್ಳುವ ಕೈ, ಇವೆಲ್ಲವೂ ವ್ಯಾಪಾರಿಗಳಾದ ನಮಗೆ ಚೆನ್ನಾಗಿ ಅರ್ಥವಾಗುವ ಅಪರಾಧಗಳು. ಅಂಗಡಿಯಲ್ಲಿ ಗಿರಾಕಿಗೆ ಮಾಡಿದರೆ ಮೋಸವೆನಿಸುವುದು ಮನೆಯಲ್ಲಿ ತಾಯಿಗೆ ಮಾಡಿದರೆ ವ್ಯವಸ್ಥೆ ಎನಿಸಿಕೊಳ್ಳುತ್ತದೆ.

ಪಟ್ಟಿ ನಮ್ಮಲ್ಲಿತ್ತು ಎಂದು ಹೆಮ್ಮೆಪಡುವುದಕ್ಕಾಗಿ ಇದನ್ನು ಹೇಳಲಿಲ್ಲ. ಪಟ್ಟಿಯಿದ್ದೂ ಹೊಸ್ತಿಲೊಳಗೆ ಅದನ್ನು ಅನ್ವಯಿಸದೆ ಹೋದೆವು ಎಂಬುದೇ ನಮ್ಮ ಧರ್ಮಶಿಕ್ಷಣದ ಕೊರತೆ.

ಊರಿನ ಮೌನ

2025ರ ಮಾರ್ಚಿನಲ್ಲಿ ಬೆಳಗಾವಿಯ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಬಿಮ್ಸ್‌ನಿಂದ ಬಂದ ಸುದ್ದಿ ನಾಡಿನ ಪತ್ರಿಕೆಗಳಲ್ಲೆಲ್ಲ ಪ್ರಕಟವಾಯಿತು. ಚಿಕಿತ್ಸೆಗೆಂದು ತಂದು ಸೇರಿಸಿ, ಮಕ್ಕಳು ಮರಳಿ ಬಾರದೆ ಬಿಟ್ಟುಹೋದ ವೃದ್ಧರ ಪ್ರಕರಣಗಳು ಅದೊಂದು ಆಸ್ಪತ್ರೆಯಲ್ಲೇ 150ಕ್ಕೂ ಮಿಕ್ಕಿದ್ದವು. ವೈದ್ಯಕೀಯ ಶಿಕ್ಷಣ ಸಚಿವ ಡಾ. ಶರಣಪ್ರಕಾಶ ಪಾಟೀಲರು ಇಂಥ ಮಕ್ಕಳ ವಿರುದ್ಧ ಉಪವಿಭಾಗಾಧಿಕಾರಿಗಳಿಗೆ ದೂರು ಕೊಟ್ಟು, ಆಸ್ತಿ ವರ್ಗಾವಣೆಯನ್ನೂ ಮೃತ್ಯುಪತ್ರವನ್ನೂ ರದ್ದುಪಡಿಸಲು ಕ್ರಮ ಕೈಗೊಳ್ಳಬೇಕೆಂದು ಸೂಚಿಸಿದರು.

ಸೂಚನೆ ಸ್ವಾಗತಾರ್ಹ. ಆದರೆ ವಿಚಾರ ಮಾಡಬೇಕಾದದ್ದು ಇನ್ನೊಂದಿದೆ. ಆಸ್ಪತ್ರೆಯ ಮಂಚಕ್ಕೆ ಬರುವ ಮೊದಲು ಈ ವೃದ್ಧರೆಲ್ಲ ಯಾವುದೋ ಓಣಿಯಲ್ಲಿ, ಯಾರದೋ ನೆರೆಯಲ್ಲಿ ಬದುಕಿದ್ದರು. ಅವರು ಒಂದೇ ರಾತ್ರಿಯಲ್ಲಿ ಬೇಡವಾದವರಲ್ಲ. ನೆರೆಯವರಿಗೆ ಗೊತ್ತಿತ್ತು, ಬೀಗರಿಗೆ ಗೊತ್ತಿತ್ತು, ಗುಡಿಯ ಪೂಜಾರಿಗೆ ಗೊತ್ತಿತ್ತು. ‘ಮನೀ ಮಾತು ಹೊರಗ ಹೋಗಬಾರದು’ ಎಂದು ಮನೆಯವರು ಅಂದರು. ‘ಎಲ್ಲರ ಮನೆಯ ದೋಸೆಯೂ ತೂತೇ’ ಎಂದು ಊರವರು ಅಂದರು. ಗಾದೆಗಳು ಮೌನಕ್ಕೆ ಮುಚ್ಚಳವಾದವು.

ಕರ್ಮಸಿದ್ಧಾಂತವನ್ನು ಈ ಮೌನದ ಸಮರ್ಥನೆಗೆ ಬಳಸುವವರಿಗೆ ಒಂದು ನೆನಪು. ನಮ್ಮ ಶಾಸ್ತ್ರವು ಹಿಂಸೆಯನ್ನು ಕೃತ, ಕಾರಿತ, ಅನುಮತ ಎಂದು ಮೂರು ಬಗೆಯಾಗಿ ಎಣಿಸುತ್ತದೆ: ತಾನು ಮಾಡಿದ್ದು, ಮಾಡಿಸಿದ್ದು, ಮಾಡಿದ್ದಕ್ಕೆ ಸಮ್ಮತಿಸಿದ್ದು. ಆಸ್ರವದ ಆ 108 ಭೇದಗಳ ಲೆಕ್ಕದಲ್ಲಿ ಅನುಮತಕ್ಕೂ ಸಮಪಾಲಿದೆ. ಬಂಧನದಲ್ಲಿದ್ದ ಶ್ರೇಣಿಕನಿಗೆ ಅವನ ಕರ್ಮ ಉದಯಕ್ಕೆ ಬಂದಿರಬಹುದು. ಅದನ್ನು ಬಲ್ಲೂ ಸುಮ್ಮನಿದ್ದ ರಾಜಗೃಹದ ಪೌರರು ಆ ಹೊತ್ತಿಗೆ ತಮ್ಮ ಹೊಸ ಕರ್ಮವನ್ನು ಕಟ್ಟಿಕೊಳ್ಳುತ್ತಿದ್ದರು.

ಇನ್ನೊಂದು ವಿಪರೀತವನ್ನೂ ಹೇಳಬೇಕು. ಮೌನ ಮುರಿದಾಗ ಊರು ಮೊದಲು ಬೆರಳು ತೋರಿಸುವುದು ಸೊಸೆಯತ್ತ. ಮುದುಕರ ಸೇವೆಯ ಭಾರವನ್ನೆಲ್ಲ ಹೊರುವವಳು ಸಾಮಾನ್ಯವಾಗಿ ಆಕೆಯೇ. ಗಂಡನು ಹುಬ್ಬಳ್ಳಿಯಲ್ಲೋ ಪುಣೆಯಲ್ಲೋ ಇದ್ದು ಫೋನಿನಲ್ಲಿ ವಿಚಾರಿಸುತ್ತಾನೆ. ಅತಿಭಾರಾರೋಪಣವೆಂಬುದು ಆಕೆಗೂ ಅನ್ವಯಿಸುತ್ತದೆ. 2020ರ ಡಿಸೆಂಬರಿನಲ್ಲಿ ನಮ್ಮ ರಾಜ್ಯದ್ದೇ ಆದ ಎಸ್. ವನಿತಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಹಿರಿಯರ ಕಾಯ್ದೆಯನ್ನು ಸೊಸೆಯ ವಾಸದ ಹಕ್ಕನ್ನು ಮುರಿಯುವ ಉಪಾಯವಾಗಿ ಬಳಸಬಾರದೆಂದು ಎಚ್ಚರಿಸಿತು. ಒಬ್ಬರ ರಕ್ಷಣೆ ಮತ್ತೊಬ್ಬರ ಪೀಡನೆಯಾಗಬಾರದು.

ಲೆಕ್ಕಕ್ಕೆ ಬಾರದ ಭಯ

ಎಷ್ಟು ವೃದ್ಧರು ಹೀಗೆ ನೋಯುತ್ತಿದ್ದಾರೆ? 28 ದೇಶಗಳ 52 ಅಧ್ಯಯನಗಳನ್ನು ಕೂಡಿಸಿ ನೋಡಿದ, 2017ರಲ್ಲಿ ಪ್ರಕಟವಾದ ಸಂಶೋಧನೆಯು, 60 ವರ್ಷ ಮೀರಿದ ಆರು ಜನರಲ್ಲಿ ಒಬ್ಬರು ಒಂದು ವರ್ಷದೊಳಗೆ ಯಾವುದಾದರೊಂದು ಬಗೆಯ ದೌರ್ಜನ್ಯಕ್ಕೆ ಗುರಿಯಾಗಿದ್ದರೆಂದು ಕಂಡಿತು. 2017-18ರಲ್ಲಿ ನಮ್ಮ ದೇಶದಲ್ಲಿ ನಡೆದ ದೊಡ್ಡ ವಾರ್ಧಕ್ಯ ಸಮೀಕ್ಷೆಯಲ್ಲಿ ಹೀಗೆ ಹೇಳಿಕೊಂಡವರು ಸುಮಾರು ಶೇಕಡಾ 5. ಪ್ರಶ್ನೆಗಳು, ವ್ಯಾಖ್ಯೆಗಳು ಬೇರೆಯಾದ್ದರಿಂದ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಆದರೂ ನಾವು ಜಗತ್ತಿಗಿಂತ ಮೂರು ಪಾಲು ಒಳ್ಳೆಯವರೆಂದು ಸಂತೋಷಪಡುವ ಮೊದಲು ಶ್ರೇಣಿಕನನ್ನು ನೆನೆಯಬೇಕು. ಕುಣಿಕನು ಬಾಗಿಲಲ್ಲಿ ನಿಂತಿರುವಾಗ ಹೋಗಿ ‘ಮಹಾರಾಜರೇ, ಮಗ ಚೆನ್ನಾಗಿ ನೋಡಿಕೊಳ್ಳುವನೆ?’ ಎಂದು ಕೇಳಿದ್ದರೆ ಏನು ಉತ್ತರ ಬರುತ್ತಿತ್ತು? ಕೀರ್ದಿಯಲ್ಲಿ ನಮೂದಾಗದ ಬಾಕಿ ಬಾಕಿಯೇ ಅಲ್ಲವೆಂದು ಯಾವ ವ್ಯಾಪಾರಿಯೂ ಹೇಳಲಾರನು.

ಆದ್ದರಿಂದ ಸಂಶೋಧನೆಯೆಂಬುದು ವಿಶ್ವವಿದ್ಯಾಲಯಗಳ ಕೆಲಸವೆಂದು ಬಿಡುವಂತಿಲ್ಲ. ಪ್ರತಿ ಊರಿನ ಶ್ರಾವಕರ ಮನೆಗಳ ಯಾದಿ ಟ್ರಸ್ಟಿನಲ್ಲಿ ಇದ್ದೇ ಇರುತ್ತದೆ. ವಂತಿಗೆ ಎತ್ತುವಾಗ ಅದು ಹೊರಬರುತ್ತದೆ. ಅದೇ ಯಾದಿಯನ್ನು ಹಿಡಿದು 65 ದಾಟಿದವರು ಎಷ್ಟು ಜನ, ಒಂಟಿಯಾಗಿ ಇರುವವರು ಎಷ್ಟು, ವಿಧವೆಯರು ಎಷ್ಟು ಎಂದು ಬರೆಯುವುದು ಒಂದು ವಾರದ ಕೆಲಸ. ಆದರೆ ವಿಚಾರಿಸುವ ಕ್ರಮದಲ್ಲಿ ಜಾಣ್ಮೆ ಬೇಕು. ಹಿರಿಯರನ್ನು ಏಕಾಂತದಲ್ಲಿ ಮಾತನಾಡಿಸಬೇಕು. ಹೆಂಗಸರನ್ನು ಹೆಂಗಸರೇ ಮಾತನಾಡಿಸಬೇಕು. ‘ದೌರ್ಜನ್ಯವಿದೆಯೆ?’ ಎಂದು ಕೇಳಿದರೆ ಇಲ್ಲವೆಂದೇ ಹೇಳುತ್ತಾರೆ. ನಿನ್ನೆ ರಾತ್ರಿ ಊಟ ಎಷ್ಟು ಹೊತ್ತಿಗಾಯಿತು, ಗುಳಿಗೆ ತರುವವರು ಯಾರು, ಪಿಂಚಣಿ ಪುಸ್ತಕ ಯಾರ ಕೈಯಲ್ಲಿದೆ, ಬಸದಿಗೆ ಬರಲು ಯಾರಾದರೂ ಬೇಡವೆನ್ನುತ್ತಾರೆಯೆ, ಇವನ್ನು ಕೇಳಿದರೆ ಉಳಿದದ್ದು ತಾನಾಗಿ ತಿಳಿಯುತ್ತದೆ. ತಿಳಿದದ್ದು ಕಟ್ಟೆಯ ಮಾತಾಗಬಾರದು. ಆದರೆ ಆ ಮುದುಕಿ ಮುಂದೆಂದೂ ಬಾಯಿ ತೆರೆಯಲಾರಳು.

ಕಾಯ್ದೆಯ ಬಾಗಿಲು

2007ರ ಕಾಯ್ದೆಯ ನ್ಯಾಯಮಂಡಳಿ ದೂರದಲ್ಲಿಲ್ಲ. ಉಪವಿಭಾಗಾಧಿಕಾರಿಗಳೇ ಅದರ ಅಧ್ಯಕ್ಷರು. ನಮ್ಮ ಜನ ‘ಪ್ರಾಂತ ಕಚೇರಿ’ ಎನ್ನುವ ಅವರ ಕಚೇರಿ ಬೈಲಹೊಂಗಲದಲ್ಲಿದೆ. ಅಲ್ಲಿ ತಿಂಗಳಿಗೆ ಗರಿಷ್ಠ 10,000 ರೂಪಾಯಿಯವರೆಗೆ ಜೀವನಾಂಶ ಕೊಡಿಸಬಹುದು. ನೋಟೀಸು ಹೊರಟ 90 ದಿನಗಳೊಳಗೆ ಅರ್ಜಿ ತೀರ್ಮಾನವಾಗಬೇಕು. ವಿಶೇಷ ಕಾರಣವಿದ್ದರೆ ಇನ್ನು 30 ದಿನ. ಹಿರಿಯರು ತಾವೇ ಹೋಗಲಾರದಿದ್ದರೆ ಅವರು ಅಧಿಕಾರ ಕೊಟ್ಟ ವ್ಯಕ್ತಿಯಾಗಲಿ ನೋಂದಾಯಿತ ಸಂಸ್ಥೆಯಾಗಲಿ ಅರ್ಜಿ ಹಾಕಬಹುದು. ಮೊದಲು ರಾಜಿಗೆ ಯತ್ನಿಸುವ ಅವಕಾಶವೂ ಇದೆ. ಹಿರಿಯರನ್ನು ಬೇಕೆಂದೇ ತೊರೆದರೆ ಮೂರು ತಿಂಗಳವರೆಗಿನ ಸೆರೆವಾಸ ಅಥವಾ 5,000 ರೂಪಾಯಿಯವರೆಗಿನ ದಂಡ ಅಥವಾ ಎರಡೂ ಆಗಬಹುದು. 14567 ಸಂಖ್ಯೆಯ ಹಿರಿಯರ ರಾಷ್ಟ್ರೀಯ ಸಹಾಯವಾಣಿಯೂ ಇದೆ.

ಕಾಯ್ದೆಯ ಮಿತಿಯೂ ಸ್ಪಷ್ಟ. ರಾಮದುರ್ಗದ ಹಳ್ಳಿಯೊಂದರ ಮುದುಕಿಗೆ ಬೈಲಹೊಂಗಲಕ್ಕೆ ಬಸ್ಸು ಹತ್ತುವುದೇ ಕಷ್ಟ. ಹತ್ತಿಬಂದರೆ ಸಂಜೆ ಮರಳಬೇಕಾದದ್ದು ಅದೇ ಮಗನ ಮನೆಗೆ. ಕಾಯ್ದೆ ಹಣವನ್ನು ಕೊಡಿಸಬಲ್ಲದು, ಪಡಸಾಲೆಯ ಭಯವನ್ನು ತೆಗೆಯಲಾರದು. ಆ ಕೆಲಸ ಸಮಾಜದ್ದು.

ಟ್ರಸ್ಟುಗಳಿಗೆ ಒಂದು ಮಾತು

ನಮ್ಮ ಬಸದಿಗಳ ಗೋಡೆಗಳ ಮೇಲೆ ಸಂಗಮರವರಿಯ ಫಲಕಗಳಿವೆ: ದಿವಂಗತ ತಂದೆಯವರ ಸ್ಮರಣಾರ್ಥ, ಮಾತೋಶ್ರೀಯವರ ಸ್ಮರಣಾರ್ಥ. ಕಲಶದ ಸವಾಲಿನಲ್ಲಿ ಹಿರಿಯರ ಹೆಸರನ್ನು ಗಟ್ಟಿಯಾಗಿ ಕೂಗುತ್ತೇವೆ. ಈ ಭಕ್ತಿ ಬಹುಮಟ್ಟಿಗೆ ನಿಜವಾದದ್ದೇ. ಆದರೆ ಸತ್ತ ತಂದೆಯ ಹೆಸರಿಗೆ ಫಲಕ ಹಾಕಿಕೊಳ್ಳುವ ಟ್ರಸ್ಟು, ಅವನು ಬದುಕಿದ್ದಾಗ ಹೇಗಿದ್ದನೆಂದು ಒಮ್ಮೆಯಾದರೂ ಹೋಗಿ ವಿಚಾರಿಸಿತ್ತೆ? ವೈಯಾವೃತ್ಯವನ್ನು ಅಂತರಂಗ ತಪಸ್ಸೆಂದು ಎಣಿಸುವ ಪರಂಪರೆ ನಮ್ಮದು. ಮುನಿಗಳ ವಿಹಾರಕಾಲದಲ್ಲಿ ಊರೇ ಸೇವೆಗೆ ನಿಲ್ಲುತ್ತದೆ. ಆ ಅಭ್ಯಾಸದ ಒಂದಂಶ ಓಣಿಯ ಮುದುಕರಿಗೆ ಸಂದರೆ ಧರ್ಮಕ್ಕೆ ಲೋಪವಿಲ್ಲ.

ಹಣದ ಖರ್ಚಿಲ್ಲದ ನಾಲ್ಕು ಕೆಲಸಗಳನ್ನು ಸೂಚಿಸುತ್ತೇನೆ. ದಿನವೂ ದರ್ಶನಕ್ಕೆ ಬರುತ್ತಿದ್ದ ಹಿರಿಯರು ಬರುವುದನ್ನು ನಿಲ್ಲಿಸಿದರೆ ಮೊದಲು ತಿಳಿಯುವುದು ಬಸದಿಯ ಉಪಾಧ್ಯೆಯವರಿಗೆ. ಮೂರನೆಯ ದಿನ ಟ್ರಸ್ಟಿನ ಒಬ್ಬರು ಆ ಮನೆಗೆ ಗಂಧೋದಕ ಒಯ್ಯುವ ನೆಪದಿಂದ ಹೋಗಿಬರಲಿ. ದಾನಪತ್ರದಲ್ಲಿ ಸೇರಿಸಬೇಕಾದ ಪೋಷಣೆಯ ಶರತ್ತನ್ನು ಸಮಾಜದ ವಕೀಲರೊಬ್ಬರಿಂದ ಬರೆಯಿಸಿ ಸೂಚನಾಫಲಕದಲ್ಲಿ ಅಂಟಿಸಲಿ. ಅದರ ಕೆಳಗೆ ಸಹಾಯವಾಣಿಯ ಸಂಖ್ಯೆಯೂ ಇರಲಿ. ಪಾಠಶಾಲೆಯಲ್ಲಿ ಅತಿಚಾರಗಳ ಪಾಠವನ್ನು ಅಜ್ಜ-ಅಜ್ಜಿಯರ ಉದಾಹರಣೆಯೊಡನೆ ಹೇಳಲಿ. ಕುಣಿಕನಿಗೆ ತಡವಾಗಿ ತಿಳಿದದ್ದು ನಮ್ಮ ಮಕ್ಕಳಿಗೆ ಹತ್ತನೆಯ ವಯಸ್ಸಿಗೇ ತಿಳಿಯಲಿ. ವಿಶ್ವಸಂಸ್ಥೆಯು 2011ರಲ್ಲಿ ಮಾನ್ಯಮಾಡಿದ ಹಿರಿಯರ ಮೇಲಿನ ದೌರ್ಜನ್ಯ ವಿರೋಧಿ ಜಾಗೃತಿ ದಿನವು ಜೂನ್ 15ರಂದು ಬರುತ್ತದೆ. ಅಂದು ಭಾಷಣಗಳಿಗೆ ಬದಲಾಗಿ ಹಿರಿಯರೇ ಮಾತನಾಡಲಿ, ಉಳಿದವರು ಕೇಳಲಿ.

ಶಾಸ್ತ್ರವು ಆಹಾರ, ಔಷಧ, ಶಾಸ್ತ್ರ, ಅಭಯ ಎಂದು ನಾಲ್ಕು ದಾನಗಳನ್ನು ಹೇಳುತ್ತದೆ. ಮೊದಲ ಮೂರನ್ನು ನಮ್ಮ ಸಮಾಜ ಉದಾರವಾಗಿ ಮಾಡಿಕೊಂಡು ಬಂದಿದೆ. ಅಭಯದಾನವೆಂದರೆ ಕಟುಕನ ಕೈಯಿಂದ ಪಶುವನ್ನು ಬಿಡಿಸುವುದೆಂದು ಮಾತ್ರ ತಿಳಿದು ಅಲ್ಲಿಗೆ ನಿಂತಿದ್ದೇವೆ. ಶ್ರೇಣಿಕನಿಗೆ ಕೊನೆಯ ಗಳಿಗೆಯಲ್ಲಿ ಬೇಕಾಗಿದ್ದದ್ದು ರಾಜ್ಯವಲ್ಲ, ಅನ್ನವೂ ಅಲ್ಲ. ಮಗನ ಹೆಜ್ಜೆಯ ಸಪ್ಪಳ ಕೇಳಿದಾಗ ಹೆದರದೆ ಇರುವಷ್ಟು ನೆಮ್ಮದಿ. ಬಾಗಿಲು ತೆರೆದ ಸದ್ದಿಗೆ ಬೆಚ್ಚದ ಮುದುಕರು ಯಾವ ಮನೆಯಲ್ಲಿರುವರೋ ಆ ಮನೆಯಲ್ಲಿ ಅಭಯದಾನ ನಡೆದಿದೆಯೆಂದು ತಿಳಿಯಬೇಕು. ಉಳಿದ ಮನೆಗಳಿಗೆ ಸಮಾಜವು ಹೋಗಿ ಬಾಗಿಲು ತಟ್ಟಬೇಕಾಗಿದೆ.